ಅಂಚೆಯಲ್ಲಿ ಬಂದ ಪಾಠ



ಇಂದಿನ ಸಭೆಯಲ್ಲಿ ಶಿಕ್ಷಕರೇ ಹೆಚ್ಚಾಗಿ ನೆರೆದಿದ್ದೀರಿ. ಆದುದರಿಂದ ನಿಮ್ಮ ಮಾತನ್ನೇ ಆಡೋಣವೆಂದು ನಮಗೆ ತೋರಿತು. ಪಾಠ ಹೇಳುವವನಿಗೆ ಪಾಠ ಹೇಳುವವರು ಯಾರು? ತರಬೇತಿಗೆಂದು ಆತ ವರ್ಷಗಟ್ಟಲೆ ಊರು ಬಿಟ್ಟರೆ ಶಾಲೆಯ ಬಾಗಿಲು ಮುಚ್ಚೀತು.

ಈ ತೊಡಕಿಗೆ ದಾರಿ ಹುಡುಕಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. 1963ರಲ್ಲಿ ಇಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪನೆಯಾಯಿತು. ಈಗ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಕೆಲಸದಲ್ಲಿದ್ದೂ ತರಬೇತಿಯಿಲ್ಲದ ಅಧ್ಯಾಪಕರಿಗಾಗಿ ಅದು ಬಿ.ಎಡ್. ಶಿಕ್ಷಣವನ್ನು ಎರಡು ಪಾಲು ಮಾಡಿತು. ಬೇಸಗೆಯ ರಜೆಯಲ್ಲಿ ಮೈಸೂರಿಗೆ ಬಂದು ಎದುರಿಗೆ ಕುಳಿತು ಕಲಿಯುವುದು, ಉಳಿದ ತಿಂಗಳುಗಳಲ್ಲಿ ಅಂಚೆಯಲ್ಲಿ ಬಂದ ಪಾಠ ಓದಿ ಉತ್ತರ ಬರೆದು ಕಳಿಸುವುದು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣ ತೆರೆಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಡುವೆ 1975-76ರಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದಲೇ ಪಾಠ ಇಳಿಯಿತು. ಉಪಗ್ರಹ ಅಮೆರಿಕದಿಂದ ಎರವಲು ತಂದದ್ದು. ವರ್ಷ ತುಂಬುತ್ತಲೇ ಹಿಂದಿರುಗಿತು.

ಸಾಧನಕ್ಕೆ ನಮ್ಮಲ್ಲಿ ಎಂದೂ ಕೊರತೆಯಾಗಲಿಲ್ಲ. ಕೊರತೆ ಬೇರೆ ಕಡೆ ಇದೆ.

ಹಿಂದೊಮ್ಮೆ ಹಳ್ಳಿಯ ಮೇಷ್ಟ್ರೊಬ್ಬರು ನಮ್ಮ ಬಳಿ ಬಂದರು. ಕೈಚೀಲದ ತುಂಬ ಉತ್ತರ ಬರೆದ ಹಾಳೆಗಳು. "ಬುದ್ಧೀ, ರಾತ್ರಿಯೆಲ್ಲ ಕೂತು ಬರೆದೆ. ಅಂಕ ಬಂತು, ಕೆಳಗೆ ರುಜು ಬಂತು. ತಪ್ಪೆಲ್ಲಿ ಅಂತ ಒಂದು ಸಾಲು ಬರಲಿಲ್ಲ" ಎಂದರು. ಹಾಳೆಗಳನ್ನು ಮಗುಚಿ ನೋಡಿದೆವು, ನಿಜವಾಗಿತ್ತು. ನಮಗೆ ಸಂಕಟವಾಯಿತು. ಬರೆದವನ ಎಣ್ಣೆ ಉರಿದಿತ್ತು, ಓದಬೇಕಾದವನ ಕಣ್ಣು ತೆರೆದಿರಲಿಲ್ಲ.

2019ರ ಮಾರ್ಚಿಯೊಳಗೆ ಎಲ್ಲ ಶಿಕ್ಷಕರೂ ತರಬೇತಿ ಪಡೆದಿರಬೇಕೆಂದು ಕಾನೂನಾದಾಗ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ದೂರದಿಂದಲೇ ಕಲಿತರು. ಪಾಠ ಫೋನಿನಲ್ಲಿ, ಟೀವಿಯಲ್ಲಿ ಬಂತು. ಒಳ್ಳೆಯದೇ. ಆದರೆ ಅಷ್ಟು ಜನರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವವರು ಎಲ್ಲಿಂದ ಬರಬೇಕು? ಈಜನ್ನು ಪುಸ್ತಕದಲ್ಲಿ ಓದಬಹುದು, ದಡದಲ್ಲಿ ಒಬ್ಬ ನಿಂತಿರಬೇಕಲ್ಲ. ಹಳೆಯ ಆ ಬೇಸಗೆಯ ಪಾಲನ್ನು ನಾವು ದೊಡ್ಡದೆನ್ನುವುದು ಇದಕ್ಕೇ.

ಆ ಮೇಷ್ಟ್ರನ್ನು ಕೇಳಿದೆವು: "ನೀವು ಪಾಠ ಮಾಡುವುದನ್ನು ಯಾರಾದರೂ ನೋಡಿದ್ದಾರೆಯೆ?"

"ಮಕ್ಕಳನ್ನ ಬಿಟ್ಟರೆ ಯಾರೂ ಇಲ್ಲ ಬುದ್ಧೀ."

"ಜೊತೆಯ ಮೇಷ್ಟ್ರು?"

"ಅವರು ಪಕ್ಕದ ಕೋಣೆಲಿರ್ತಾರೆ."

ಅವರನ್ನೇ ವಾರಕ್ಕೊಂದು ದಿನ ಕರೆದು ಕೂರಿಸಿಕೊಳ್ಳಿ ಎಂದೆವು. ಮರುವರ್ಷ ಜಾತ್ರೆಗೆ ಇಬ್ಬರೂ ಒಟ್ಟಿಗೆ ಬಂದರು. ತನ್ನ ಮಕ್ಕಳಿಗೆ ಲೆಕ್ಕ ಕೊಟ್ಟು ಈತನ ಕೋಣೆಯ ಹಿಂದೆ ಕುಳಿತ ಜೊತೆಗಾರ, ಮೊದಲ ದಿನವೇ ಒಂದು ಮಾತು ಹೇಳಿದರಂತೆ. ಅದನ್ನು ನಮಗೆ ಒಪ್ಪಿಸುತ್ತ ಮೇಷ್ಟ್ರು ನಕ್ಕರು: "ಹನ್ನೊಂದು ವರ್ಷ ನಾನು ಕರಿಹಲಗೆಗೆ ಪಾಠ ಹೇಳಿದ್ದೀನಿ ಬುದ್ಧೀ. ಮಕ್ಕಳ ಕಡೆ ತಿರುಗೇ ಇರಲಿಲ್ಲ."