ಹಳೆಯ ಕಾಗದದಿಂದ ಎದ್ದು ಬಂದ ಅಂಕಣಗಳು

ಪತ್ರಿಕಾ ಬರಹಕ್ಕೆ ಆಯುಸ್ಸು ಕಡಿಮೆ. ಬೆಳಿಗ್ಗೆ ಓದಿದ ಹಾಳೆ ಸಂಜೆಗೆ ಕಡಲೆಕಾಯಿ ಪೊಟ್ಟಣವಾಗುತ್ತದೆ. ಹೀಗಿರುವಾಗ ದಶಕಗಳ ಹಿಂದಿನ ಅಂಕಣಗಳು ಪುಸ್ತಕವಾಗಿ ಮರಳಿ ಬಂದರೆ, ಅವುಗಳಲ್ಲಿ ಉಳಿಯುವಂಥದ್ದು ಏನಿತ್ತು ಎಂದು ಕೇಳುವುದು ಸಹಜ. ಅಮೆರಿಕದ ಲೇಖಕ ಚಾರ್ಲ್ಸ್ ಬುಕೋವ್ಸ್ಕಿಯ ಅಂಕಣಗಳು ಈ ಪ್ರಶ್ನೆಗೆ ತಕ್ಕ ಉದಾಹರಣೆ.

1920ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆ ತಾಯಿಯೊಡನೆ ಅಮೆರಿಕಕ್ಕೆ ಬಂದ ಬುಕೋವ್ಸ್ಕಿ, ಲಾಸ್ ಏಂಜಲೀಸ್ ನಗರದ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತನಾಗಿದ್ದ. ಅದು ವಿಯೆಟ್ನಾಂ ಯುದ್ಧದ ಕಾಲ. ಆಫ್‌ಸೆಟ್ ಮುದ್ರಣ ಅಗ್ಗವಾಗಿತ್ತು. ದೊಡ್ಡ ಪತ್ರಿಕೆಗಳು ಹೇಳದ್ದನ್ನು ಹೇಳಲು ಊರೂರಿನಲ್ಲೂ ಸಣ್ಣ 'ಭೂಗತ' ಪತ್ರಿಕೆಗಳು ಹುಟ್ಟಿಕೊಂಡವು. ಅಂಥದ್ದೊಂದು ಪತ್ರಿಕೆ 'ಓಪನ್ ಸಿಟಿ'. ಅದರ ಸಂಪಾದಕ ಜಾನ್ ಬ್ರಯಾನ್ 1967ರಲ್ಲಿ ಬುಕೋವ್ಸ್ಕಿಗೆ ವಾರದ ಅಂಕಣವೊಂದನ್ನು ಒಪ್ಪಿಸಿದ. ಏನು ಬೇಕಾದರೂ ಬರೆಯಬಹುದಿತ್ತು, ತಿದ್ದುವವರಿರಲಿಲ್ಲ. 'ನೋಟ್ಸ್ ಆಫ್ ಎ ಡರ್ಟಿ ಓಲ್ಡ್ ಮ್ಯಾನ್', ಅಂದರೆ 'ಕೊಳಕು ಮುದುಕನ ಟಿಪ್ಪಣಿಗಳು', ಹೀಗೆ ಆರಂಭವಾಯಿತು.

ಹೂವು ಮುಡಿದ ಹಿಪ್ಪಿಗಳ ನಡುವೆ ಬರೆಯುತ್ತಿದ್ದರೂ ಬುಕೋವ್ಸ್ಕಿ ಹಿಪ್ಪಿಯಲ್ಲ. ಆಗ ಅವನಿಗೆ ನಲವತ್ತೇಳರ ಸುಮಾರು. ಕ್ರಾಂತಿಯ ಕನಸುಗಳನ್ನೂ ಅವನು ಸುಲಭವಾಗಿ ನಂಬಲಿಲ್ಲ. ಕುಡಿತ, ಕುದುರೆ ಜೂಜು, ಬಾಡಿಗೆ ಕೋಣೆ, ಸಂಬಳಕ್ಕಾಗಿ ಸವೆಯುವ ದೇಹ ಅವನ ವಸ್ತುಗಳು. ಕನ್ನಡದಲ್ಲಿಲ್ಲದ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಇಂಗ್ಲಿಷಿನಲ್ಲಿದೆಯಷ್ಟೆ. ಎಷ್ಟೋ ಅಂಕಣಗಳಲ್ಲಿ ಅವನು ಅದನ್ನೂ ಕೈಬಿಟ್ಟ.

ಇದಕ್ಕೆ ಬೆಲೆ ತೆರಬೇಕಾಯಿತು. ಅಂಚೆ ಇಲಾಖೆಯ ಅಧಿಕಾರಿಗಳು ಅಂಕಣಗಳನ್ನು ಮುಂದಿಟ್ಟುಕೊಂಡು ತಮ್ಮ ಗುಮಾಸ್ತನನ್ನು ವಿಚಾರಿಸಿದರು. ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಅವನ ಮೇಲೊಂದು ಕಡತ ತೆರೆಯಿತು. ಹೊಟ್ಟೆಪಾಡಿನ ನೌಕರಿ ತೂಗುಯ್ಯಾಲೆಯಲ್ಲಿದ್ದರೂ ಅಂಕಣ ನಿಲ್ಲಲಿಲ್ಲ. 1969ರಲ್ಲಿ 'ಓಪನ್ ಸಿಟಿ' ಮುಚ್ಚಿದ ಮೇಲೆ ಅದು 'ಲಾಸ್ ಏಂಜಲೀಸ್ ಫ್ರೀ ಪ್ರೆಸ್' ಮೊದಲಾದ ಪತ್ರಿಕೆಗಳಲ್ಲಿ ಮುಂದುವರಿಯಿತು. ಅಷ್ಟರಲ್ಲಿ ಪ್ರಕಾಶಕ ಜಾನ್ ಮಾರ್ಟಿನ್ ತಿಂಗಳಿಗೆ 100 ಡಾಲರ್ ಕೊಡುವ ಭರವಸೆ ನೀಡಿದ್ದರಿಂದ ಬುಕೋವ್ಸ್ಕಿ ನೌಕರಿ ಬಿಟ್ಟ. 'ಪೋಸ್ಟ್ ಆಫೀಸ್' ಎಂಬ ಮೊದಲ ಕಾದಂಬರಿ 1971ರಲ್ಲಿ ಬಂತು.

ಅಂಕಣಗಳ ಮೊದಲ ಸಂಕಲನ 1969ರಲ್ಲೇ ಪ್ರಕಟವಾಗಿತ್ತು. ಅದರೊಳಗೆ ಸೇರದೆ ಉಳಿದವು ಹಳೆಯ ಸಂಚಿಕೆಗಳಲ್ಲಿ ಚದುರಿಹೋದವು. 1994ರಲ್ಲಿ ಲೇಖಕ ತೀರಿಕೊಂಡ ಮೇಲೆ, ಡೇವಿಡ್ ಸ್ಟೀಫನ್ ಕಲೋನ್ ಅವುಗಳಲ್ಲಿ ಹಲವನ್ನು ಕೂಡಿಸಿದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಲೈಟ್ಸ್ ಪ್ರಕಾಶನ ಅದನ್ನು 'ಮೋರ್ ನೋಟ್ಸ್ ಆಫ್ ಎ ಡರ್ಟಿ ಓಲ್ಡ್ ಮ್ಯಾನ್' ಎಂಬ ಹೆಸರಿನಲ್ಲಿ ಹೊರತಂದಿತು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಬರಹಗಳಲ್ಲಿ ಹೆಣ್ಣಿನ ಚಿತ್ರಣ ಹಲವೆಡೆ ಒರಟು, ಕೆಲವೆಡೆ ಕ್ರೂರ. ಇಂಥದ್ದನ್ನು ಹುಡುಕಿ ತಂದು ಅಚ್ಚು ಮಾಡಬೇಕಿತ್ತೆ? ಮರುಮುದ್ರಣವೆಂದರೆ ಸನ್ಮಾನವಲ್ಲ ಎಂಬುದನ್ನು ನೆನಪಿಡಬೇಕು. ಆ ಕಾಲದ ಬಂಡಾಯ ಸರ್ಕಾರವನ್ನು ಪ್ರಶ್ನಿಸಿತು, ಯುದ್ಧವನ್ನು ಪ್ರಶ್ನಿಸಿತು; ಗಂಡಸಿನ ದರ್ಪವನ್ನು ಮಾತ್ರ ಬಹುಪಾಲು ಹಾಗೆಯೇ ಉಳಿಸಿಕೊಂಡಿತು. ಆಯ್ದು ಶುದ್ಧಗೊಳಿಸಿದ ಸಂಕಲನದಲ್ಲಿ ಈ ಸತ್ಯ ಕಾಣುತ್ತಿರಲಿಲ್ಲ. ಗುಮಾಸ್ತನ ಧೈರ್ಯವೂ ಗಂಡಸಿನ ಕುರುಡೂ ಒಂದೇ ಪುಟದಲ್ಲಿ ಸಿಗುತ್ತವೆ. ಎರಡನ್ನೂ ಬಿಡದೆ ಓದುವುದೇ ಈ ಅಂಕಣಗಳಿಗೆ ಸಲ್ಲುವ ನ್ಯಾಯ.