ಹೊಸ ಮೇಷ್ಟರೂ ಗಣಕಯಂತ್ರವೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರುಗಳ ಬಹುಭಾಗ ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡನಾಡನ್ನು ಸೇರಿತು. ಹೈದರಾಬಾದ್ ನಗರ ಆಂಧ್ರಪ್ರದೇಶದ ರಾಜಧಾನಿಯಾಯಿತು. ನೌಕರಿ, ವ್ಯಾಪಾರ, ಮನೆಮಾರುಗಳನ್ನು ಬಿಡಲಾರದೆ ಇಲ್ಲಿಯೇ ನಿಂತ ಹಿರಿಯರು ಉಂಟು. ಆಮೇಲೆ ಹೊಟ್ಟೆಪಾಡಿಗೆಂದು ಬಂದವರೂ ಉಂಟು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆಲ್ಲ ಅಂಥವರ ಛಲದ ಗುರುತುಗಳು. 2014ರಲ್ಲಿ ತೆಲಂಗಾಣವಾಯಿತು, ನಾವು ಇದ್ದಲ್ಲಿಯೇ ಇದ್ದೇವೆ. ಹಬ್ಬದ ದಿನ ಹಳೆಯದನ್ನು ನೆನೆಯುವುದು ಸರಿಯಷ್ಟೆ. ಆದರೆ ಇಂದು ನಾವು ಆಡಬೇಕೆಂದಿರುವುದು ನಾಳೆಯ ತರಗತಿಯ ಮಾತು.

ಈಚೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡದ ಉಪಾಧ್ಯಾಯಿನಿಯೊಬ್ಬರ ಪಾಠವನ್ನು ನೋಡಲು ಹೋಗಿದ್ದೆವು. ಆಕೆ ರಾತ್ರಿಯೆಲ್ಲ ಕುಳಿತು, ಮನೆಯ ಗಣಕಯಂತ್ರದಲ್ಲಿ ಸಂಧಿಯ ಪಾಠವನ್ನು ಅಂದವಾಗಿ ಸಿದ್ಧಪಡಿಸಿ ತಂದಿದ್ದರು. ಶಾಲೆಯ ಯಂತ್ರಕ್ಕೆ ಹಾಕಿದರೆ, ಪರದೆಯ ಮೇಲೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದಂಥ ಏನೋ ಗೀಟುಗಳು. ಮಕ್ಕಳು ಗೊಳ್ಳೆಂದು ನಕ್ಕರು. ಆಕೆ ಯಂತ್ರವನ್ನು ಮುಚ್ಚಿ, ಸೀಮೆಸುಣ್ಣ ಹಿಡಿದು ಪಾಠವನ್ನು ಚೆನ್ನಾಗಿಯೇ ಮುಗಿಸಿದರು. ಆದರೆ ಅಂದಿನಿಂದ ಮತ್ತೆ ಆ ಯಂತ್ರವನ್ನು ಮುಟ್ಟಲಿಲ್ಲ.

ತಪ್ಪು ಯಾರದು? ಆಕೆಯದಲ್ಲ. ಹಳೆಯ ಬಗೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಹೋದೊಡನೆ ವೇಷ ಕಳಚಿ ಇಂಗ್ಲಿಷ್ ಹೊರಬೀಳುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಹಾಗಲ್ಲ. ಅದರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಇದನ್ನು ಹೇಳಿಕೊಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಆಕೆಗೆ ಯಾರೂ ಕೊಟ್ಟಿರಲಿಲ್ಲ.

ಹಾಗೆಂದು ತರಬೇತಿಯೇ ಇಲ್ಲವೆಂದಲ್ಲ. 2014ರ ನಿಯಮಗಳಿಂದ ಬಿ.ಎಡ್. ಎರಡು ವರ್ಷದ್ದಾದಾಗ ಗಣಕಯಂತ್ರದ ಬಳಕೆಯೂ ಪಠ್ಯದಲ್ಲಿ ಸೇರಿತು. 2017ರಲ್ಲಿ ಕೇಂದ್ರ ಸರ್ಕಾರದ ‘ದೀಕ್ಷಾ’ ಬಂದಿತು. ಆದರೆ ಇಲ್ಲಿ ಆ ಶಿಕ್ಷಣ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇಲ್ಲವೆ ತೆಲುಗಿನಲ್ಲಿ. ನಮ್ಮ ಒತ್ತಕ್ಷರದ ಕಷ್ಟ ಅಲ್ಲಿ ಯಾರಿಗೆ ನೆನಪಾದೀತು? ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ‘ಕ್ಷ’ ಬರೆಯಲು ಕೆ, ಎಫ್, ಎಕ್ಸ್ ಎಂಬ ಮೂರು ಕೀಲಿಗಳನ್ನು ಒತ್ತಿದರಾಯಿತು. ಇಷ್ಟು ಸುಲಭವಾದದ್ದು ತಿಳಿಯದೆ, ಎಷ್ಟೋ ಮಂದಿ ಕನ್ನಡದ ಮೇಷ್ಟರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕಳುಹಿಸುತ್ತಾರೆ. ಮಕ್ಕಳು ಕಲಿಯುವುದೂ ಅದನ್ನೇ ಅಲ್ಲವೆ?

ಹೊರನಾಡಿನಲ್ಲಿ ಇದೆಲ್ಲ ಆಗದ ಮಾತು ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದಲ್ಲಿ 2001ರಲ್ಲಿ ‘ಐ.ಟಿ. ಅಟ್ ಸ್ಕೂಲ್’ ಎಂಬ ಯೋಜನೆ ಆರಂಭವಾಯಿತು. 2017ರಲ್ಲಿ ಅದು ‘ಕೈಟ್’ ಸಂಸ್ಥೆಯಾಯಿತು. ಅವರು ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡರು. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಾದ, ತಮ್ಮ ಭಾಷೆಗೆ ತಿದ್ದಿಕೊಳ್ಳಬಹುದಾದ ತಂತ್ರಾಂಶವದು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕಯಂತ್ರದ ಪಠ್ಯಪುಸ್ತಕ ಕನ್ನಡದಲ್ಲಿಯೇ ಉಂಟು. ಕರ್ನಾಟಕದಲ್ಲಿಯೂ 2013ರಲ್ಲಿ ಉಪಾಧ್ಯಾಯರೇ ಕೂಡಿ ಪಾಠಸಾಮಗ್ರಿ ಬರೆದು ಎಲ್ಲರಿಗೂ ಮುಕ್ತವಾಗಿ ಒದಗಿಸುವ ಕೆಲಸ ಮೊದಲಾಯಿತು. ಬಾವಿ ಇದೆ; ಹಗ್ಗ ಬಿಂದಿಗೆ ನಾವು ಒಯ್ಯಬೇಕು.

ಯಂತ್ರದಿಂದ ನಮ್ಮ ಮಕ್ಕಳಿಗೆ ಆಗುವ ಉಪಕಾರವೇನು? ಒಂದು ಉದಾಹರಣೆ ಕೊಡುತ್ತೇವೆ. ತೆಲಂಗಾಣದಲ್ಲಿ 2018ರ ಕಾನೂನಿನಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ನೆರೆಯ ಭಾಷೆ, ಕಲಿಯಲಿ, ಸಂತೋಷವೇ. ಆದರೆ ಎರಡು ಲಿಪಿಗಳೂ ಅಕ್ಕತಂಗಿಯರಂತಿರುವುದರಿಂದ ಮಗು ಕನ್ನಡದ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಇಡುತ್ತದೆ. ಎರಡನ್ನೂ ಪರದೆಯ ಮೇಲೆ ಒಂದು ಮೊಳ ದೊಡ್ಡದು ಮಾಡಿ ಅಕ್ಕಪಕ್ಕ ನಿಲ್ಲಿಸಿದರೆ, ಬೇರೆತನ ಒಂದು ಕ್ಷಣದಲ್ಲಿ ಕಣ್ಣಿಗೆ ಹತ್ತುತ್ತದೆ. ಮಗು ಓದಿದ್ದನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿದರೆ, ‘ಲ’ ಎಲ್ಲಿ, ‘ಳ’ ಎಲ್ಲಿ ಎಂದು ತಾನೇ ತಿದ್ದಿಕೊಳ್ಳುತ್ತದೆ. ಇಂಥ ಹತ್ತು ನಿಮಿಷಕ್ಕೆ ಯಂತ್ರ ಬೇಕು. ಉಳಿದ ಹೊತ್ತಿಗೆ ಮೇಷ್ಟರೇ ಬೇಕು. ಎಲ್ಲಿ ಯಂತ್ರ ಬೇಡ ಎಂಬುದನ್ನು ಅರಿಯುವುದೂ ತರಬೇತಿಯ ಭಾಗವೇ.

ಈ ಊರಿಗೆ ಗಣಕಯಂತ್ರ ಹೊಸದಲ್ಲ. 1967ರಲ್ಲಿ ಇಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ದೇಶದ ಮೊದಮೊದಲ ಗಣಕಯಂತ್ರಗಳನ್ನು ತಯಾರಿಸಿತು. ಇಂದು ನಮ್ಮ ಮನೆಗಳಲ್ಲಿಯೇ ಎಷ್ಟೋ ಹುಡುಗ ಹುಡುಗಿಯರು ಅದೇ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ನಮ್ಮದೊಂದು ಕೋರಿಕೆ: ತಿಂಗಳಿಗೆ ಎರಡು ಭಾನುವಾರ ಸಂಘಕ್ಕೆ ಬನ್ನಿ. ನೀವು ಯಂತ್ರವನ್ನು ಬಲ್ಲಿರಿ. ಹಳೆಯ ಮೇಷ್ಟರು ಮಕ್ಕಳನ್ನು ಬಲ್ಲರು. ಹೊಸಬರನ್ನು ಇಬ್ಬರ ನಡುವೆ ಕೂರಿಸೋಣ. ಬೆಳಿಗ್ಗೆ ಕೀಲಿಮಣೆಯ ಅಭ್ಯಾಸವಾಗಲಿ. ಮಧ್ಯಾಹ್ನ ನಿಜವಾದ ಮಕ್ಕಳೆದುರು ಪಾಠವಾಗಲಿ. ನಡುವೆ ವಿದ್ಯುತ್ ಹೋದರೆ ಪಾಠ ನಿಲ್ಲದಂತೆ ಸೀಮೆಸುಣ್ಣವೂ ಜೊತೆಗಿರಲಿ.

ಯಂತ್ರ ಮುಚ್ಚಿಟ್ಟ ಆ ತಂಗಿಯನ್ನು ನಾವು ಮೊದಲು ಕರೆಯುತ್ತೇವೆ. ನೀವೂ ಬನ್ನಿ.