ಬೆಟ್ಟ ಯಾರ ಸ್ವತ್ತು?

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸದ್ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಬೆಳಿಗ್ಗೆ ಪೂಜೆ ಮುಗಿಸಿ ನಾವು ಹೊರಗೆ ಬರುತ್ತಿದ್ದಾಗ ಹಿರಿಯರೊಬ್ಬರು ತಡೆದು ಕೇಳಿದರು: ‘ಬುದ್ಧಿ, ಕಲ್ಲುಗಣಿ, ಕಾರ್ಖಾನೆ, ಕೋರ್ಟು ಇವೆಲ್ಲ ಸರ್ಕಾರದ ವಿಚಾರ. ಮಠದಲ್ಲಿ ಕೂತು ಇದನ್ನು ಆಡಬಹುದೆ?’ ಅವರು ಕೇಳಿದ್ದು ಒಳ್ಳೆಯದೇ ಆಯಿತು. ಮನಸ್ಸಿನಲ್ಲಿಟ್ಟುಕೊಂಡು ಕೂತಿರುವವರು ಇಲ್ಲಿ ಇನ್ನೂ ಅನೇಕರಿದ್ದಾರೆ.

ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ಅಗೆಯುವ ಗುದ್ದಲಿ, ಹೊರುವ ಪುಟ್ಟಿ, ನೂರಾರು ಜನರ ಬೆವರು ಎಲ್ಲವೂ ಅಲ್ಲಿ ಸೇರಿದವು. ಅದು ಧರ್ಮವಾಗಿದ್ದರೆ, ಕಟ್ಟಿದ ಕೆರೆ ಒಡೆಯದ ಹಾಗೆ, ಅದರ ನೀರು ಕೆಡದ ಹಾಗೆ ಕಾಯುವುದು ಧರ್ಮವಲ್ಲವೆಂದು ಹೇಳುವುದಕ್ಕೆ ಬಾಯಿ ಬರುವುದೆ? ಕೆರೆ ಕಟ್ಟುವಾಗ ಭಕ್ತಿ, ಕೆರೆ ಕೆಡುವಾಗ ರಾಜಕೀಯ ಎಂಬ ಲೆಕ್ಕ ನಮಗೆ ತಿಳಿಯದು.

ಇನ್ನು ಮನೆಯ ಮುಂದಿನ ಮಾತಿಗೆ ಬರೋಣ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವನ್ನು ನಿಮ್ಮಲ್ಲಿ ನೋಡದವರು ಯಾರಿದ್ದಾರೆ? ಶಿವರಾತ್ರಿಯ ಸುಮಾರಿನಲ್ಲಿ ಅಲ್ಲಿ ದನಗಳ ಜಾತ್ರೆ ಕೂಡುತ್ತದೆ. ಜೋಡಿ ಎತ್ತಿಗೆ ಕೊಂಬಿಗೆ ಬಣ್ಣ ಬಳಿದು ಹೊಡೆದುಕೊಂಡು ಹೋದವರು ಈ ಸಭೆಯಲ್ಲಿಯೇ ಇದ್ದೀರಿ. ಆ ನೆಲ ಅಮೃತಮಹಲ್ ಕಾವಲು, ಅಂದರೆ ದನ ಮೇಯಲೆಂದು ಹಿಂದಿನವರು ಬಿಟ್ಟದ್ದು. ದನ ಮೇಯುವ ಬೆಟ್ಟದಲ್ಲಿ ಕ್ರಷರಿನ ಹಲ್ಲು ಮೇಯತೊಡಗಿತು. ಮೊದಲು ಕಲ್ಲುಕುಟಿಗರು ಉಳಿ ಸುತ್ತಿಗೆಯಿಂದ ಸೀಳುತ್ತಿದ್ದರು. ಆಮೇಲೆ ಆಳವಾಗಿ ಕೊರೆದು ಸಿಡಿಮದ್ದು ತುಂಬಿ ಒಂದೇ ಸಲ ಹಾರಿಸುವ ಕಾಲ ಬಂದಿತು. ಮದ್ದು ಸಿಡಿದಾಗ ಕಲ್ಲು ಮಾತ್ರ ಅಲುಗುವುದಿಲ್ಲ. ಅದರ ಅಲೆ ನೆಲದೊಳಗೆ ಓಡುತ್ತದೆ. ಗೋಡೆ ಬಿರುಕು ಬಿಡುತ್ತದೆ, ತೊಟ್ಟಿಲ ಮಗು ಬೆಚ್ಚುತ್ತದೆ, ದೂಳು ರೇಷ್ಮೆಹುಳುವಿನ ಸೊಪ್ಪಿನ ಮೇಲೆ ಕೂರುತ್ತದೆ.

ಆ ಬೆಟ್ಟದಿಂದ ಕನ್ನಂಬಾಡಿ ಕಟ್ಟೆ ಬಹಳ ದೂರವಿಲ್ಲ. ಹತ್ತು ಹನ್ನೆರಡು ಕಿಲೋಮೀಟರಿನ ಮಾತು. ೧೯೧೧ರಲ್ಲಿ ಕೆಲಸ ಆರಂಭವಾಗಿ ಇಪ್ಪತ್ತು ವರ್ಷ ಕಟ್ಟಿದ ಕಟ್ಟೆ ಅದು. ಸಿಮೆಂಟಿನಿಂದಲ್ಲ, ಕಲ್ಲು ಮತ್ತು ಸುರ್ಕಿ ಗಾರೆಯಿಂದ ನಿಂತದ್ದು. ೧೨೪.೮೦ ಅಡಿ ನೀರು ನಿಂತಾಗ ಸುಮಾರು ೪೯ ಟಿ.ಎಂ.ಸಿ. ಭಾರವನ್ನು ಅದು ಎದೆಯ ಮೇಲೆ ಹೊತ್ತಿರುತ್ತದೆ. ನಿಮ್ಮ ಭತ್ತ, ನಿಮ್ಮ ಕಬ್ಬು, ಮೈಸೂರು ಬೆಂಗಳೂರುಗಳ ಕುಡಿಯುವ ನೀರು, ಎಲ್ಲವೂ ಆ ಗೋಡೆಯನ್ನು ನಂಬಿವೆ. ೨೦೧೮ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಭಾರಿ ಸದ್ದು ಕೇಳಿ ಜನ ಮನೆಬಿಟ್ಟು ಹೊರಬಂದರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರದಲ್ಲಿಯೂ ಅದು ದಾಖಲಾಯಿತು. ಕಲ್ಲುಗಣಿಯ ಸ್ಫೋಟದಿಂದ ಕಟ್ಟೆಗೆ ಅಪಾಯವುಂಟೆಂದು ಆ ಕೇಂದ್ರದವರೇ ಎಚ್ಚರಿಕೆ ಬರೆದರು.

ಹಾಗಿದ್ದೂ ಏನಾಯಿತು? ಎಷ್ಟು ಮದ್ದು ಸಿಡಿಸಿದರೆ ಕಟ್ಟೆಗೆ ಎಷ್ಟು ನಡುಕ ತಾಗುತ್ತದೆಂದು ತಿಳಿಯಲು ಪರೀಕ್ಷಾರ್ಥ ಸ್ಫೋಟ ಮಾಡುತ್ತೇವೆಂದು ೨೦೨೨ರಲ್ಲಿ ಧನಬಾದಿನಿಂದ ತಜ್ಞರು ಬಂದರು. ರೈತರು ಬೆಟ್ಟದ ಬುಡದಲ್ಲಿ ನಿಂತು ಬೇಡವೆಂದರು. ಸ್ಫೋಟ ಮುಂದಕ್ಕೆ ಹೋಯಿತು. ವಿಜ್ಞಾನವನ್ನು ರೈತರು ತಡೆದರೆಂದು ಪಟ್ಟಣದ ಕೆಲವರು ನಕ್ಕರು. ಮನೆಯ ತೊಲೆ ಗಟ್ಟಿಯಾಗಿದೆಯೆ ಎಂದು ನೋಡಲು ಅದಕ್ಕೇ ಕೊಡಲಿ ಬೀಸುವವನನ್ನು ತಡೆದರೆ ಅದು ಅಜ್ಞಾನವೆ? ಮುಂದೆ ೨೦೨೪ರ ಜನವರಿಯಲ್ಲಿ ಹೈಕೋರ್ಟು, ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆಯನ್ನು ಮುಂದಿಟ್ಟುಕೊಂಡು, ಅಧ್ಯಯನ ಮುಗಿಯುವ ತನಕ ಕಟ್ಟೆಯ ಸುತ್ತ ೨೦ ಕಿಲೋಮೀಟರಿನೊಳಗೆ ಗಣಿ ಕೆಲಸ ಕೂಡದೆಂದು ಆದೇಶ ಮಾಡಿತು. ಹೊಲ ಬಿಟ್ಟು ಬಂದು ಬಿಸಿಲಿನಲ್ಲಿ ನಿಂತವರ ಮಾತಿಗೆ ನ್ಯಾಯಪೀಠದಿಂದಲೇ ಬಲ ಬಂದಿತು.

ಆದರೆ ಇಷ್ಟಕ್ಕೆ ನಾವು ಹಿಗ್ಗಬಾರದು. ಇಪ್ಪತ್ತು ಕಿಲೋಮೀಟರೆಂದರೆ ಶ್ರೀರಂಗಪಟ್ಟಣ, ಪಾಂಡವಪುರಗಳ ಬಹಳಷ್ಟು ಹಳ್ಳಿಗಳು ಒಳಗೆ ಬಂದವು. ನಾಗಮಂಗಲ ಹೊರಗೆ ಉಳಿಯಿತು, ಕೃಷ್ಣರಾಜಪೇಟೆಯ ಹೆಚ್ಚಿನ ಭಾಗವೂ ಹೊರಗೇ ಉಳಿಯಿತು. ಇಲ್ಲಿ ನಿಂತ ಯಂತ್ರ ಅಲ್ಲಿಗೆ ಹೋಗಿ ಕೂತರೆ, ಒಬ್ಬರ ಅಂಗಳದ ಕಸವನ್ನು ಇನ್ನೊಬ್ಬರ ಅಂಗಳಕ್ಕೆ ಗುಡಿಸಿದಂತಾಯಿತು. ಕಾಲುವೆಯ ನೀರುಂಡವರಿಗೆ ರಕ್ಷಣೆ, ಮಳೆಯನ್ನೇ ನಂಬಿದವರಿಗೆ ದೂಳು ಎಂದಾಗಬಾರದು. ಪಾಂಡವಪುರದವರು ನಾಗಮಂಗಲದವರ ಕೈ ಹಿಡಿಯಬೇಕೆಂದೇ ನಾಲ್ಕು ತಾಲ್ಲೂಕಿನವರನ್ನು ಒಂದೇ ದಿನ ಬರಹೇಳಿದ್ದು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ನಿತ್ಯದ ದಾಸೋಹಕ್ಕೆ ಬೇಕಾದಷ್ಟು ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಆಯ್ದಲ್ಲಿಯೇ ಸುರಿದು ಬರಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಹೆಚ್ಚಾದದ್ದು ತಮ್ಮದಲ್ಲವೆಂದು ಆ ತಾಯಿಗೆ ತೋರಿತು. ಜಲ್ಲಿಯಿಲ್ಲದೆ ಮಠವೂ ಏಳದು, ನಿಮ್ಮ ಮನೆಯೂ ಏಳದು, ಇದನ್ನು ನಾವು ಬಲ್ಲೆವು. ಕಲ್ಲು ಒಡೆಯಲೇಬಾರದೆಂದು ನಾವು ಹೇಳುತ್ತಿಲ್ಲ. ಒಂದು ಊರಿಗೆ ಬೇಕಾದ ಕಲ್ಲು ಎಷ್ಟು, ಒಂದು ಬೆಟ್ಟವನ್ನೇ ಲಾರಿಗೆ ತುಂಬುವುದು ಎಷ್ಟು, ಈ ಅಂತರವನ್ನು ಲಕ್ಕಮ್ಮನವರ ಕಣ್ಣಿನಿಂದ ನೋಡಿರಿ ಎಂದು ಕೇಳುತ್ತಿದ್ದೇವೆ. ಮಠಕ್ಕೆ ಕಾಣಿಕೆ ಸಲ್ಲಿಸುವವರಲ್ಲಿ ಕ್ರಷರ್ ನಡೆಸುವವರೂ ಇದ್ದಾರೆ, ಈ ಸಭೆಯಲ್ಲಿಯೂ ಇದ್ದಾರೆ. ಅವರಿಗೂ ಈ ಮಾತನ್ನು ಎದುರಿನಲ್ಲಿಯೇ ಹೇಳುತ್ತೇವೆ.

ಅಲ್ಲಿ ಕೂಲಿ ಮಾಡುವವರ ಮಾತು ಬೇರೆ. ಗಣಿ ನಿಂತ ದಿನ ಮಾಲೀಕನ ಒಲೆ ಆರುವುದಿಲ್ಲ, ಕಲ್ಲು ಹೊರುವವಳ ಒಲೆ ಆರುತ್ತದೆ. ಗಣಿ ನಡೆದಾಗಲೂ ಮೊದಲು ಸಾಯುವವರು ಅವರೇ. ಕಲ್ಲಿನ ಸಣ್ಣ ದೂಳು ಉಸಿರಿನೊಂದಿಗೆ ಒಳಗಿಳಿದು ಶ್ವಾಸಕೋಶದಲ್ಲಿ ನಿಂತುಬಿಡುತ್ತದೆ. ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕ್ಷಯವೆಂದು ತಿಳಿದು ಮಾತ್ರೆ ನುಂಗುವವರುಂಟು, ಆದರೆ ಇದನ್ನು ವಾಸಿಮಾಡುವ ಔಷಧ ಇನ್ನೂ ಇಲ್ಲ. ಆದ್ದರಿಂದ ಗಣಿ ಬೇಡವೆನ್ನುವ ಸಂಘದ ಮೊದಲ ಸಾಲಿನಲ್ಲಿ ಗಣಿಯ ಕೂಲಿಯವರಿಗೆ ಜಾಗ ಇರತಕ್ಕದ್ದು. ಅವರನ್ನು ಬಿಟ್ಟು ಮಾಡುವ ಹೋರಾಟ ಹೊಲ ಉಳ್ಳವರ ಹೋರಾಟವಷ್ಟೇ ಆದೀತು.

ಇಂಥ ಕಷ್ಟ ನಿಮಗೊಬ್ಬರಿಗೇ ಬಂದದ್ದಲ್ಲ. ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ರೇಯಾನಿಗೆ ಬೇಕಾದ ಮರದ ತಿರುಳು ಮಾಡುವ ಕಾರ್ಖಾನೆ ಬಂದ ಮೇಲೆ ಕೆಳಗಿನ ಹಳ್ಳಿಗಳ ಹೊಳೆಯಲ್ಲಿ ಮೀನು ಸತ್ತು ತೇಲಿದವು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಸಲು ೧೯೮೪ರಲ್ಲಿ ಸರ್ಕಾರವೂ ಕಂಪನಿಯೂ ಕೂಡಿ ಇನ್ನೊಂದು ಕಂಪನಿ ಮಾಡಿ, ಹಳ್ಳಿಗರ ದನ ಮೇಯುತ್ತಿದ್ದ ಸುಮಾರು ೩೦,೦೦೦ ಹೆಕ್ಟೇರ್ ನೆಲವನ್ನು ಕೊಡಹೊರಟವು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹಳ್ಳಿಗರನ್ನು ಕೂಡಿಸಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿದಾರರಾದರು. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಹೆಸರನ್ನು ಗಮನಿಸಿರಿ. ಬರಿಯ ಕೀಳುವುದಲ್ಲ, ನೀಲಗಿರಿ ಸಸಿ ಕಿತ್ತ ಕೈಯಲ್ಲಿಯೇ ಊರಿಗೆ ಬೇಕಾದ ಗಿಡ ಹಚ್ಚಿದರು. ನಾಲ್ಕು ವರ್ಷಗಳಲ್ಲಿ, ೧೯೯೧ರ ಹೊತ್ತಿಗೆ, ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಒಂದು ಕಲ್ಲೂ ಬೀಸದೆ ಆದ ಕೆಲಸ ಅದು.

ಮಠಗಳೂ ಸುಮ್ಮನೆ ಕೂತಿಲ್ಲ. ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ೨೦೧೧ರಲ್ಲಿ ಹಳ್ಳಿಗುಡಿಯ ರೈತರ ಜೊತೆ ಬೀದಿಗಿಳಿದರು. ವರ್ಷಕ್ಕೆ ೬೦ ಲಕ್ಷ ಟನ್ ಉಕ್ಕು ಮಾಡುವ ಪೋಸ್ಕೋ ಕಾರ್ಖಾನೆಗೆ ಅಲ್ಲಿ ಭೂಮಿ ಕೊಳ್ಳುವುದನ್ನು ಸರ್ಕಾರ ಅದೇ ಜುಲೈನಲ್ಲಿ ಕೈಬಿಟ್ಟಿತು. ಕೊಪ್ಪಳದ ಗವಿಮಠದ ಸ್ವಾಮಿಗಳು ಮೊದಲು ಜನರನ್ನು ಕೂಡಿಸಿ ಹಿರೇಹಳ್ಳದ ಹೂಳೆತ್ತಿಸಿದರು. ೨೦೨೫ರ ಫೆಬ್ರವರಿ ೨೪ರಂದು ಊರಿನ ಮಗ್ಗುಲಲ್ಲಿಯೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಸಹಸ್ರಾರು ಜನರೊಂದಿಗೆ ನಿಂತರು. ಹಳ್ಳ ತೋಡಿದವರ ಮಾತಿಗೆ ಜನ ಕಿವಿಗೊಟ್ಟರು.

ಇನ್ನೊಂದು ಮಾತು. ಕಹಿಯೆನಿಸಿದರೂ ಕೇಳಬೇಕು. ಸಕ್ಕರೆ ಕಾರ್ಖಾನೆಯ ಹೊಗೆ ನಮಗೆ ಕಾಣುತ್ತದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಪ್ಪುನೀರು ಉಳಿಯುತ್ತದೆ. ಅದು ಹಳ್ಳಕ್ಕೆ ಬಿದ್ದರೆ ನೀರಿನ ಪ್ರಾಣವಾಯುವನ್ನೇ ಹೀರಿಬಿಡುತ್ತದೆ. ಇದನ್ನು ಕೇಳುವ ಹಕ್ಕು ನಿಮಗುಂಟು. ಆದರೆ ಕಬ್ಬಿನ ಸಿಪ್ಪೆ ಸಾಲದೆಂದು ಹಳೆಯ ಟೈರು, ಪ್ಲಾಸ್ಟಿಕ್ಕು ಒಲೆಗೆ ನೂಕುವ ಆಲೆಮನೆಗಳೂ ನಮ್ಮಲ್ಲುಂಟು. ಬೆಲ್ಲ ಬೆಳ್ಳಗಾಗಲೆಂದು ರಾಸಾಯನಿಕ ಸುರಿಯುವುದೂ ಉಂಟು. ದೊಡ್ಡವನ ಕೊಳವೆಯನ್ನು ತೋರಿಸುವ ಬೆರಳು ತನ್ನ ಒಲೆಯನ್ನೂ ತೋರಿಸಲಿ.

ಕಾಯಿದೆಯನ್ನು ಅರಿತುಕೊಳ್ಳಿರಿ. ೨೦೦೬ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಕೈಗಾರಿಕೆ ಬರುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ತಿಳಿಸಬೇಕು. ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಅದನ್ನು ಓದುವ ತನಕ ಯಾರೂ ಏಳಬೇಡಿರಿ. ಬಿರಿಯಾನಿ ಪೊಟ್ಟಣ ಹಂಚಿದ ಕೂಡಲೇ ಸಭೆ ಮುಗಿಯಿತೆಂದು ತಿಳಿಯಬೇಡಿರಿ. ಐದು ಹೆಕ್ಟೇರಿನೊಳಗಿನ ಬಿಡಿ ಕಲ್ಲುಗಣಿಗೆ ಈ ಸಭೆ ಕಡ್ಡಾಯವಿಲ್ಲ, ಅಲ್ಲಿ ಗ್ರಾಮಸಭೆಯ ಪುಸ್ತಕದಲ್ಲಿ ನಿಮ್ಮ ಆಕ್ಷೇಪಣೆ ಏರಲೇಬೇಕು.

ಬೇಡವೆಂದ ಮೇಲೆ ಬೇಕಾದುದೇನೆಂದು ಹೇಳುವ ಹೊಣೆಯೂ ನಮ್ಮದೇ. ದೂರ ಹೋಗಬೇಕಾಗಿಲ್ಲ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು ೧೯೬೦ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯಿಸಿತು, ಸಾವಯವ ಬೇಸಾಯವನ್ನು ಮಾಡಿ ತೋರಿಸಿತು. ಮಳವಳ್ಳಿ ಸೀಮೆಯ ದಾಸನದೊಡ್ಡಿಯಲ್ಲಿ ಕುರಿ ಕಾಯುವ ಕಾಮೇಗೌಡರು ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿ, ೨೦೨೨ರಲ್ಲಿ ಲಿಂಗೈಕ್ಯರಾದಂತೆ ಶಾಂತರಾಗಿ ಹೋದರು. ಅದೇ ಬಗೆಯ ಬೆಟ್ಟವನ್ನು ಒಬ್ಬನು ಜಲ್ಲಿಯೆಂದು ನೋಡಿದ, ಇವರು ನೀರೆಂದು ನೋಡಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಸಾಯನಿಕವಿಲ್ಲದ ಬೆಲ್ಲ ತಯಾರಿಸುವುದನ್ನು ಕಲಿಸುತ್ತಾರೆ. ಆಲೆಮನೆಯವರು ಹೋಗಿ ನೋಡಿರಿ.

ಗಣಿ ಕೂಲಿಯವರ ಮಕ್ಕಳಿಗೆ ಮಠದ ಪ್ರಸಾದ ನಿಲಯದಲ್ಲಿ ಈ ವರ್ಷದಿಂದ ಜಾಗ ಕೊಡಲು ಹೇಳಿದ್ದೇವೆ, ಜಾತಿ ಕೇಳುವುದಿಲ್ಲ. ಪ್ರಸಾದಕ್ಕೆ ಹೊತ್ತಾಯಿತು. ಊಟವಾದ ಮೇಲೆ ಗೋಡೆ ಬಿರುಕಿನವರು, ಬಾವಿ ಕೆಟ್ಟವರು, ಕೆಮ್ಮಿನವರು ತಮ್ಮ ತಮ್ಮ ಊರಿನ ವಿವರದೊಂದಿಗೆ ಜಗಲಿಗೆ ಬನ್ನಿರಿ. ಅರ್ಜಿ ಬರೆಯಬಲ್ಲ ಹುಡುಗರನ್ನು ಅಲ್ಲಿ ಕೂರಿಸಿದ್ದೇವೆ. ನಾಗಮಂಗಲದವರ ಅರ್ಜಿಯನ್ನು ಮೊದಲು ಬರೆಯಲಿ.